ಎರಡು ಕಂತಿನ ಮುಯ್ಯಿ

ಮಾರ್ಚ್ 9, ಭಾನುವಾರ

ಮದುವೆಯಾಗಿ ಇವತ್ತಿಗೆ ಸರಿಯಾಗಿ ಎರಡು ವಾರ! ಇನ್ನೂ ನಂಬಿಕೆ ಬಂದಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಮಧು ಮಲಗಿರುತ್ತಾನೆ, ಬಾಯಿ ಸ್ವಲ್ಪ ತೆರೆದುಕೊಂಡು. ಆ ಬಾಯಿಯ ಕೆಳಸಾಲಿನ ಎಡಗಡೆಯ ದವಡೆ ಹಲ್ಲಿನಿಂದಲೇ ಅಲ್ಲವೇ ಎಲ್ಲ ಶುರುವಾದದ್ದು. ಇಂದಿರಾನಗರದ ನಮ್ಮ ಡೆಂಟಲ್ ಕ್ಲಿನಿಕ್ಕಿಗೆ ಕೆನ್ನೆ ಊದಿಸಿಕೊಂಡು ಬಂದಿದ್ದ. ರಿಸೆಪ್ಷನ್‌ನಲ್ಲಿ ನಾನು. ಬಿಲ್ಲನ್ನು ಮೂರು ಕಂತಿನಲ್ಲಿ ಕೊಡಲೇ ಎಂದು ಕೇಳಿದ. ನನ್ನನ್ನು ಮೂರು ಸಲ ನೋಡುವ ನೆಪ ಅದು ಎಂದುಕೊಂಡು ಜೊತೆ ಕೆಲಸದ ಇಕ್ರಾಗೆ ಹೇಳಿ ಹೇಳಿ ನಕ್ಕಿದ್ದೆ.

ಬೈಯಪ್ಪನಹಳ್ಳಿಯ ಈ ಮನೆ ಎಷ್ಟು ಚಿಕ್ಕದೆಂದರೆ ಒಬ್ಬರು ಅಡುಗೆಮನೆಯಲ್ಲಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕು. ಮಧು ಬಾಗಿಲಲ್ಲಿ ನಿಂತೇ ಇರುತ್ತಾನೆ. ರೈಲು ಹೋಗುವಾಗ ಮಾತು ಕೇಳಿಸುವುದಿಲ್ಲ, ಅಷ್ಟು ಹೊತ್ತು ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತೇವೆ. ದಿನಕ್ಕೆ ಇನ್ನೂ ನಾಲ್ಕು ರೈಲು ಜಾಸ್ತಿ ಬಿಡಬಾರದೇ ಅನ್ನಿಸುತ್ತದೆ.

ಸಂಜೆ ಮದುವೆಯ ವಿಡಿಯೋ ಬಂತು. ಡ್ರೋನ್ ಮೇಲಿನಿಂದ ನೋಡಿದರೆ ಛತ್ರ ಪೂರ್ತಿ ಬಿಳಿ ಆರ್ಕಿಡ್ ಹೂವು, ನಡುವೆ ನಾವಿಬ್ಬರು. ಡ್ರೋನ್ ಬೇಕೇ ಬೇಕು ಎಂದದ್ದು ನಾನು. ಆರ್ಕಿಡ್ ಕೂಡ. ಅವನು ಒಂದಕ್ಕೂ ಇಲ್ಲ ಎನ್ನಲಿಲ್ಲ. ಎಂಥ ಗಂಡ!

ವಿಡಿಯೋ ನೋಡುವಾಗ ಅವನ ಫೋನ್ ಹನ್ನೊಂದು ಸಲ ನಡುಗಿತು. ಸ್ಪಾಮ್ ಎಂದು ಮಗುಚಿ ಇಟ್ಟ.

ಮಾರ್ಚ್ 21, ಶುಕ್ರವಾರ

ಸಂಜೆ ಏಳಕ್ಕೆ ಯಾರೋ ಬಾಗಿಲು ತಟ್ಟಿದರು. ಇಸ್ತ್ರಿ ಮಾಡಿದ ಅಂಗಿ, ಬೆನ್ನಿಗೆ ಬ್ಯಾಗು. ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಟ್ಟು ಬಂದಿದ್ದ. ಮದುವೆಗೆ ಬರಲಾಗದ ಮಧುವಿನ ಗೆಳೆಯ ಇರಬೇಕೆಂದು ಒಳಗೆ ಕರೆದು, ಕೂರಿಸಿ, ಮೈಸೂರುಪಾಕು ಕೊಟ್ಟೆ. ಆತ ತಿಂದು, ನೀರು ಕುಡಿದು, ಕೈ ಒರೆಸಿಕೊಂಡು ಹೇಳಿದ.

"ಮೇಡಂರೀ, ನಾ ಕಿರಣಕುಮಾರ. ಫೈನಾನ್ಸ್ ಕಂಪ್ನಿಯಿಂದ ಬಂದೀನ್ರಿ. ಸರ್ ಎರಡು ಕಂತು ಕಟ್ಟಿಲ್ಲ. ಫೋನೂ ಎತ್ತವಲ್ರು."

ಮಧು ಬಂದವನು ಆತನನ್ನು ನೋಡಿ ಬಾಗಿಲಲ್ಲೇ ನಿಂತ. ಇಬ್ಬರೂ ಕೆಳಗಿಳಿದು ಹೋಗಿ ಮಾತಾಡಿದರು. ಮೇಲೆ ಬಂದಮೇಲೆ ಕೇಳಿದೆ. ಮದುವೆಗೆ ಒಂದೂವರೆ ಲಕ್ಷ ಸಾಲ ತೆಗೆದಿದ್ದನಂತೆ, ಅಷ್ಟೇ ಅಂತೆ. ನನಗೆ ಹೇಳಿದರೆ ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ಹೇಳಲಿಲ್ಲವಂತೆ. ಅವನ ಕಣ್ಣಲ್ಲಿ ನೀರು ಬಂತು, ನಾನೂ ಅತ್ತೆ. ಆಮೇಲೆ ಇಬ್ಬರೂ ನಕ್ಕೆವು, ಸಾಲದವನಿಗೆ ಮೈಸೂರುಪಾಕು ತಿನ್ನಿಸಿದ್ದಕ್ಕೆ. ನನ್ನ ಸಂಬಳ ಹತ್ತೊಂಬತ್ತು ಸಾವಿರ, ಮಹದೇವಪುರದ ಗೋದಾಮಿನಲ್ಲಿ ಅವನದು ಮೂವತ್ತನಾಲ್ಕು. ಪ್ರೀತಿಯಿಂದ ಮಾಡಿದ ಸಾಲವನ್ನು ಪ್ರೀತಿಯಿಂದಲೇ ತೀರಿಸುತ್ತೇವೆ.

ಮಾರ್ಚ್ 22, ಶನಿವಾರ

ಒಂದೂವರೆ ಅಲ್ಲ. ಮೂರು ಲಕ್ಷ ಇಪ್ಪತ್ತು ಸಾವಿರ. ಬೆಳಿಗ್ಗೆ ಎರಡನೇ ಸಲ ಕೇಳಿದ್ದಕ್ಕೆ ಹೇಳಿದ.

ರಾತ್ರಿ ಮೂರನೇ ಸಲ ಕೇಳಿದೆ. ಕ್ರೆಡಿಟ್ ಕಾರ್ಡಿನಲ್ಲಿ ತೊಂಬತ್ತನಾಲ್ಕು ಸಾವಿರ ಇದೆ.

ಏಪ್ರಿಲ್ 5, ಶನಿವಾರ

ಇವತ್ತು ಕ್ಲಿನಿಕ್ಕಿನ ಫೋನಿಗೆ ಕರೆ ಬಂತು. ಯಾರೋ ಹೆಂಗಸು, ಮಧುಕರ್ ಹೆಂಡತಿ ಬೇಕು ಎಂದಳು. ನಾನೇ ಎಂದೆ. ಆಮೇಲೆ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಮೂರು ಪೇಷಂಟ್‌ಗಳು ಕೂತಿದ್ದರು. ಕೊನೆಯವರೆಗೂ "ಓಕೆ ಮ್ಯಾಮ್, ಶ್ಯೂರ್ ಮ್ಯಾಮ್" ಎಂದು ಅಪಾಯಿಂಟ್‌ಮೆಂಟ್ ಕೊಡುವವಳಂತೆ ನಗುತ್ತಾ ಮಾತಾಡಿ ಫೋನ್ ಇಟ್ಟೆ. ಫೋನಿನಲ್ಲೇ ಸಾಲ ಕೊಡುವ ಎರಡು ಆ್ಯಪ್, ಒಟ್ಟು ಮೂವತ್ತೆಂಟು ಸಾವಿರ. ಇದನ್ನು ನಾನು ಅವನ ಬಾಯಿಂದ ಕೇಳಲಿಲ್ಲ, ಅವಳ ಬಾಯಿಂದ ಕೇಳಿದೆ.

ಇಕ್ರಾ ಬಾತ್‌ರೂಮಿಗೆ ಬಂದು ನನ್ನ ಮುಖ ತೊಳೆಸಿದಳು. ಹಲ್ಲು ಕ್ಲೀನ್ ಮಾಡುವ ನಮ್ಮ ಹೈಜಿನಿಸ್ಟ್ ಅವಳು, ಶಿವಾಜಿನಗರದವಳು. ಅವಳ ಅಣ್ಣ ಅಂಗಡಿಗೆಂದು ಮಾಡಿದ ಸಾಲವನ್ನು ಏಜೆಂಟ್ ಕೈಗೆ ಕಟ್ಟಿ, ರಸೀದಿ ಇಲ್ಲದ್ದರಿಂದ ಮತ್ತೊಂದು ಸಲ ಕಟ್ಟಬೇಕಾಯಿತಂತೆ.

"ಅಳೋದು ಆಮೇಲೆ ಮಾಡ್ಕೊ. ಮೊದ್ಲು ಒಂದ್ ಪೇಪರಲ್ಲಿ ಎಲ್ಲ ಬರಿ. ಯಾರಿಗೆ, ಎಷ್ಟು, ಯಾವತ್ತು. ಯಾರ ಕೈಗೂ ಕ್ಯಾಶ್ ಕೊಡ್ಬೇಡ. ಕಂಪ್ನಿ ಲೆಟರ್ ಬಂದ್ಮೇಲೇ ದುಡ್ಡು, ಅದಕ್ ಮುಂಚೆ ಅಲ್ಲಾ ಬಂದ್ ಕೇಳಿದ್ರೂ ಇಲ್ಲ" ಎಂದಳು.

ರಾತ್ರಿ ಬರೆದೆ. ಮಧು ಪಕ್ಕದಲ್ಲಿ ಕೂತು ಹೇಳುತ್ತಾ ಹೋದ. ಎಲ್ಲ ಹೇಳಿದೆಯಾ ಎಂದೆ, ಎಲ್ಲ ಎಂದ. ಆದರೂ ಅವನ ಫೋನ್ ಇಸಿದುಕೊಂಡು ಮೆಸೇಜುಗಳನ್ನು ಒಂದೊಂದಾಗಿ ನೋಡಿದೆ. ಅವನೇ ಕೊಟ್ಟ, ಪಾಪ.

ಮೇ 11, ಭಾನುವಾರ

ಎಷ್ಟು ದಿನದಿಂದ ಬರೆದಿಲ್ಲ! ಇವತ್ತು ಬರೆಯಲೇಬೇಕು, ಏಕೆಂದರೆ ನಾವು ಬದುಕಿಕೊಂಡೆವು.

ಕಿರಣಕುಮಾರ್ ಈಗ ವಾರಕ್ಕೊಮ್ಮೆ ಬರುತ್ತಾನೆ. ರಾಯಚೂರು ಕಡೆಯವನು, ಸ್ಟೇಷನ್ ಹತ್ತಿರ ರೂಮಿನಲ್ಲಿ ನಾಲ್ಕು ಜನ ಇದ್ದಾರಂತೆ. ಅವನ ಬೈಕೂ ಸಾಲದ್ದೇ. ಈಗ ಅವನೊಂದಿಗೆ ಮಾತಾಡುವುದು ಮಧು ಅಲ್ಲ, ನಾನು. ಕಳೆದ ವಾರ ಅವನು ಹೇಳಿದ, ಎರಡು ಲಕ್ಷ ಎಂಬತ್ತಾರು ಸಾವಿರ ಬಾಕಿ ಇದೆ, ಒಂದೇ ಸಲ ಕಟ್ಟುವುದಾದರೆ ಕಂಪನಿ ಕಡಿಮೆ ಮಾಡಿಕೊಳ್ಳುತ್ತದೆ, ನೀವೇ ಅರ್ಜಿ ಬರೆದು ಕೇಳಿ ಎಂದು. ಒಂದೇ ಸಲಕ್ಕೆ ದುಡ್ಡು ಎಲ್ಲಿಂದ?

ಕೆ.ಆರ್. ಪುರದ ಹಳೇ ಊರಿನಲ್ಲಿ ಅತ್ತೆಯ ಮನೆಯಲ್ಲಿತ್ತು. ಅವರ ಕಬ್ಬಿಣದ ಟ್ರಂಕಿನಲ್ಲಿ, ಮದುವೆಯಲ್ಲಿ ಬಂದ ಕವರುಗಳು, ಎರಡು ಲಕ್ಷ ಹನ್ನೊಂದು ಸಾವಿರ! ಮುಯ್ಯಿ ಎನ್ನುತ್ತಾರೆ ಇವರ ಕಡೆ. ನಮ್ಮ ವಿಮಾನಪುರದ ಕ್ವಾರ್ಟರ್ಸ್ ಮದುವೆಗಳಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಕಾರ್ಡಿನಲ್ಲೇ ಅಚ್ಚು ಹಾಕಿಸುವುದು, ಜನ ಗೋಡೆ ಗಡಿಯಾರ ಕೊಟ್ಟು ಹೋಗುವುದು. ಇಲ್ಲಿ ಎಲ್ಲರೂ ದುಡ್ಡೇ ಕೊಡುತ್ತಾರೆ, ಎಷ್ಟು ಪ್ರಾಕ್ಟಿಕಲ್ ಜನ! ಕವರಿನ ಮೇಲೆಲ್ಲ ನಮ್ಮಿಬ್ಬರ ಹೆಸರೇ ಇದೆ.

ಕೇಳಲು ಮಧು ಒಪ್ಪಲಿಲ್ಲ. ನಾನೇ ಕೇಳಿದೆ. ಎಲ್ಲ ಹೇಳಿದೆ. ಅತ್ತೆ ನೆನೆಸಿದ ಅವರೆಕಾಳು ಹಿಸುಕುತ್ತಾ ಕೇಳಿಸಿಕೊಂಡರು. ಮಗನ ಮುಖವನ್ನು ಒಂದು ಸಲ ನೋಡಿದರು. ಎದ್ದು ಟ್ರಂಕ್ ತೆಗೆದು, ಒಂದು ಹಳೇ ಉದ್ದ ಪುಸ್ತಕವನ್ನು ಪಕ್ಕಕ್ಕಿಟ್ಟು, ದುಡ್ಡಿನ ಗಂಟು ನನ್ನ ಮಡಿಲಿಗೆ ಹಾಕಿದರು. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ?

ಮೇ 29, ಗುರುವಾರ

ಮುಗಿಯಿತು! ಒಂದು ಲಕ್ಷ ತೊಂಬತ್ತೈದು ಸಾವಿರಕ್ಕೆ ಒಪ್ಪಿದರು. ನಾಲ್ಕು ಅರ್ಜಿ ಬರೆದೆ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಪ್ಪಿಗೆ ಬರುವವರೆಗೂ ರೂಪಾಯಿ ಬಿಚ್ಚಲಿಲ್ಲ. ಬಂದಮೇಲೆ ಸಾಲದ ಅಕೌಂಟಿಗೇ ಕಟ್ಟಿದೆ. ಉಳಿದ ಹದಿನಾರು ಸಾವಿರದಲ್ಲಿ ಒಂದು ಆ್ಯಪ್ ತೀರಿತು, ಇನ್ನೊಂದನ್ನು ನನ್ನ ಎರಡು ತಿಂಗಳ ಸಂಬಳದಿಂದ ತೀರಿಸಿದೆ. ಕಾರ್ಡಿಗೆ ತಿಂಗಳಿಗೆ ಐದು ಸಾವಿರದ ಆರುನೂರರಂತೆ ಕಂತು ಮಾಡಿಸಿಕೊಂಡೆ. ಕಸ್ಟಮರ್ ಕೇರ್‌ನವನೇ ನೀವು ಬ್ಯಾಂಕಿನಲ್ಲಿ ಕೆಲಸ ಮಾಡ್ತೀರಾ ಮೇಡಂ ಎಂದು ಕೇಳಿದ!

ಬಾಕಿ ಇಲ್ಲವೆಂಬ ಪತ್ರವನ್ನು ಕಿರಣಕುಮಾರನೇ ತಂದುಕೊಟ್ಟ. "ಮದ್ವಿ ಸಾಲ ಬಾಳ ನೋಡೀನ್ರಿ ನಾ. ಗಂಡ ಓಡ್ತಾನ, ಹೆಂಡ್ತಿ ತವರಿಗೆ ಹೋಗ್ತಾಳ. ನೀವು ಕುಂತು ಮಾತಾಡಿದ್ರಿ" ಎಂದ. ಎಷ್ಟು ಹೆಮ್ಮೆಯಾಯಿತೆಂದರೆ ಮಧುವಿಗೆ ಮೂರು ಸಲ ಹೇಳಿದೆ. ಸಾಲ ಕೊಟ್ಟವರು ರಾಕ್ಷಸರಲ್ಲ. ಎದುರಿಗೆ ಹೋಗಿ, ಅಂಕಿ ತೋರಿಸಿ, ತಾರೀಕು ಹೇಳಿದರೆ ಎಲ್ಲರೂ ಕೇಳುತ್ತಾರೆ.

ಜುಲೈ 8, ಮಂಗಳವಾರ

ವಿಮಾನಪುರ. ಹೊಸ ಸೊಸೆ ಆಷಾಢದಲ್ಲಿ ತವರಿನಲ್ಲಿರಬೇಕಂತೆ. ಅಮ್ಮ ತಿನ್ನಿಸುತ್ತಿದ್ದಾರೆ. ಅಪ್ಪನಿಗೆ ಏನೂ ಗೊತ್ತಿಲ್ಲ.

ರಾತ್ರಿ ಒಂಬತ್ತಕ್ಕೆ ಮಧುವಿಗೆ ಫೋನ್ ಮಾಡುತ್ತೇನೆ. ಊಟ ಏನು, ಖರ್ಚು ಎಷ್ಟು, ಕಾರ್ಡಿನ ಕಂತು ಹೋಯಿತೇ. ಸ್ಕ್ರೀನ್‌ಶಾಟ್ ಕಳಿಸು ಎಂದರೆ ಕಳಿಸುತ್ತಾನೆ. ಇವತ್ತು ಎರಡು ಸಲ ಎತ್ತಲಿಲ್ಲ, ಮೂರನೆಯದಕ್ಕೆ ಎತ್ತಿ ಬಾತ್‌ರೂಮಿನಲ್ಲಿದ್ದೆ ಎಂದ. ಅರ್ಧ ಗಂಟೆಯೇ?

ಆಗಸ್ಟ್ 3, ಭಾನುವಾರ

ಶ್ರಾವಣ ಬಂತು, ಮನೆಗೆ ಬಂದೆ. ಅತ್ತೆಗೆ ಮಂಡಿ ನೋವೆಂದು ಕೇಳಿ ಕೆ.ಆರ್. ಪುರಕ್ಕೆ ಹೋದೆ. ಮಂಡಿ ಚೆನ್ನಾಗಿಯೇ ಇತ್ತು, ಬಿಂದಿಗೆ ಹೊತ್ತು ಬರುತ್ತಿದ್ದರು. ಗೂಡಿನಲ್ಲಿ ಐದಾರು ಮದುವೆ ಕಾರ್ಡುಗಳು. ಎರಡರ ತಾರೀಕು ಆಗಲೇ ಕಳೆದಿತ್ತು. ಹೋಗಿರಲಿಲ್ಲವೇ ಎಂದರೆ ಮಂಡಿ ನೋವು ಎಂದರು.

ಆಮೇಲೆ ಆ ಉದ್ದ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟರು, ನಾನು ಕೇಳಿದ್ದಕ್ಕೆ. ಇಪ್ಪತ್ತೆರಡು ವರ್ಷದ್ದು. ಮಾವ ಹೋದಮೇಲೆ ಅತ್ತೆ ಗಾರ್ಮೆಂಟ್ಸಿಗೆ ಹೋಗಿ ದುಡಿದದ್ದರಲ್ಲಿ ಐವತ್ತೊಂದು, ನೂರ ಒಂದು, ಐನೂರ ಒಂದು ಎಂದು ಊರಿನ ಮನೆಮನೆಯ ಮದುವೆಗೂ ಗೃಹಪ್ರವೇಶಕ್ಕೂ ಹಾಕಿದ್ದು. ಅದೆಲ್ಲ ಮಗನ ಮದುವೆಯಲ್ಲಿ ಅವರಿಗೆ ತಿರುಗಿ ಬಂದಿದೆ, ಒಂದಿಷ್ಟು ಸೇರಿಸಿ. ಆ ಸೇರಿಸಿದ್ದನ್ನು ಈಗ ನಾವು ಅವರವರ ಮನೆಯ ಕಾರ್ಯಕ್ಕೆ ತಿರುಗಿ ಹಾಕಬೇಕು. ನೂರ ನಲವತ್ತಾರು ಮನೆ.

ಉಡುಗೊರೆ ಎಂದುಕೊಂಡಿದ್ದೆ. ಅದು ಅತ್ತೆಯ ದುಡಿಮೆ. ಅದರ ಹಿಂದೆ ಊರಿನ ಬಾಕಿ.

ಆಗಸ್ಟ್ 17ಕ್ಕೆ ಆಂಜನಮ್ಮನವರ ಮಗಳ ಮದುವೆ. ಅತ್ತೆಯ ಜೊತೆ ಒಂದೇ ಮಿಷನ್ ಸಾಲಿನಲ್ಲಿ ಹದಿನೈದು ವರ್ಷ ಹೊಲಿದವರು. ನಮ್ಮ ಮದುವೆಗೆ ಎಲ್ಲರಿಗಿಂತ ಹೆಚ್ಚು, ಐದು ಸಾವಿರದ ಒಂದು ಹಾಕಿದ್ದಾರೆ. ಅವರ ಮನೆಯಲ್ಲಿ ಇದೇ ಮೊದಲ ಕಾರ್ಯ, ಹಾಗಾಗಿ ಅಷ್ಟೂ ನಮ್ಮ ಬಾಕಿ. ಈ ಮದುವೆಗೂ ಹೋಗುವುದಿಲ್ಲವೇ ಎಂದೆ. "ಅವ್ಳು ಮಗಳನ್ನ ಧಾರೆ ಎರೀವಾಗ ನಾನು ಇಲ್ಲಿ ಕೂತಿದ್ರೆ, ಆಮೇಲೆ ಈ ಊರಲ್ಲಿ ಯಾರ ಮುಖ ನೋಡ್ಲಮ್ಮ" ಎಂದರು. ಹೋಗುತ್ತೇನೆ ಎಂದೂ ಹೇಳಲಿಲ್ಲ.

ಈ ತಿಂಗಳ ಸಂಬಳದಲ್ಲಿ ಬಾಡಿಗೆ, ಕಂತು, ಸಾಮಾನು ಎಲ್ಲ ಹೋಗಿ ನಮ್ಮಿಬ್ಬರ ಅಕೌಂಟಿನಲ್ಲಿ ಸೇರಿ ಎರಡು ಸಾವಿರದ ಮುನ್ನೂರು ಇದೆ. ಚಿಂತೆಯಿಲ್ಲ. ಫೈನಾನ್ಸ್ ಕಂಪನಿಯನ್ನೇ ಒಪ್ಪಿಸಿದವಳು ನಾನು.

ಆಗಸ್ಟ್ 10, ಭಾನುವಾರ

ಹೇಗೆ ಬರೆಯಲಿ.

ಬೆಳಿಗ್ಗೆ ಆಂಜನಮ್ಮನವರ ಮನೆಗೆ ಹೋದೆ, ಒಬ್ಬಳೇ. ಕ್ಲಿನಿಕ್ಕಿನಲ್ಲಿ ಪ್ರಿಂಟ್ ತೆಗೆದ ಹಾಳೆ ಬ್ಯಾಗಿನಲ್ಲಿತ್ತು. ಜಗಲಿಯ ಮೇಲೆ ಏಳೆಂಟು ಹೆಂಗಸರು ಅಕ್ಕಿಗೆ ಅರಿಶಿನ ಕಲಸುತ್ತಿದ್ದರು. ಯಾರೆಂದು ಗೊತ್ತಾದ ಕೂಡಲೇ ಚಾಪೆ ಹಾಕಿದರು, ಕಾಫಿ ಕೊಟ್ಟರು. ಎಲ್ಲರೆದುರಿಗೇ ಹಾಳೆ ತೆಗೆದು ವಿವರಿಸಿದೆ. ನಮ್ಮ ಕಡೆಯಿಂದ ಬರಬೇಕಾದ ಐದು ಸಾವಿರದ ಒಂದನ್ನು ಎರಡು ಕಂತು ಮಾಡಿಕೊಳ್ಳಿ, ಎರಡು ಸಾವಿರ ಮದುವೆಯ ದಿನ, ಉಳಿದದ್ದು ಸೆಪ್ಟೆಂಬರ್ ಹತ್ತಕ್ಕೆ, ತಾರೀಕು ತಪ್ಪುವುದಿಲ್ಲ ಎಂದೆ. ಬೇಕಾದರೆ ಬರೆದುಕೊಡುತ್ತೇನೆ ಎಂದೂ ಹೇಳಿದೆ.

ಅಕ್ಕಿಯಲ್ಲಿ ಆಡುತ್ತಿದ್ದ ಕೈಗಳೆಲ್ಲ ನಿಂತವು.

"ನಿಮ್ಮತ್ತೆ ಮುನಿಲಕ್ಷ್ಮಮ್ಮ ಕಳ್ಸಿದ್ಲಾ ನಿನ್ನ?" ಎಂದರು ಆಂಜನಮ್ಮ.

ಇಲ್ಲ ಎಂದೆ.

"ನಾನೇನು ಬಡ್ಡಿ ಅಂಗಡಿ ಇಟ್ಟಿದೀನಾ ಮಗಳೇ? ನಾನ್ ಯಾವತ್ತು ಬಂದು ಕೇಳ್ದೆ ನಿಮ್ಮನ್ನ?"

"ಸೈನ್ ಎಲ್ಲಿ ಹಾಕ್ಬೇಕಂತೆ ಕೇಳಕ್ಕ" ಎಂದಳು ಹಿಂದಿನಿಂದ ಯಾರೋ. ಎಲ್ಲರೂ ನಕ್ಕರು. ಆಂಜನಮ್ಮ ನಗಲಿಲ್ಲ. ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಅವರ ಬೆರಳಿನ ಅರಿಶಿನ ಅಂಕಿಗಳ ಮೇಲೆ ಹತ್ತಿತ್ತು.

ಸಂಜೆಯ ಹೊತ್ತಿಗೆ ಅತ್ತೆಗೆ ಸುದ್ದಿ ಮುಟ್ಟಿ, ಬಸ್ ಹಿಡಿದು ಇಲ್ಲಿಗೇ ಬಂದರು. ಕೂಗಾಡುತ್ತಾರೆಂದುಕೊಂಡಿದ್ದೆ. ಬಾಗಿಲಲ್ಲೇ ನಿಂತು ಸಣ್ಣ ದನಿಯಲ್ಲಿ ಹೇಳಿದರು.

"ನಾನು ಬರಿಗೈಲಿ ಹೋಗಿ ಅವಳ ಕೈ ಹಿಡ್ಕೊಂಡು, ಈಗಿಲ್ಲ ಕಣೆ ಆಂಜನಿ ಅಂದಿದ್ರೆ ಮುಗೀತಿತ್ತು. ಅಷ್ಟಕ್ಕೆ ಧೈರ್ಯ ಮಾಡ್ಕೋತಿದ್ದೆ ನಾನು, ಒಂದು ವಾರದಿಂದ. ನೀನು ಹೋಗಿ ಅದನ್ನ ಸಾಲ ಮಾಡ್ಬಿಟ್ಟೆ."

ನೀರೂ ಕುಡಿಯದೆ ಹೋದರು. ಇನ್ನು ಆ ಮದುವೆಗೆ ಹೋಗುವ ಮಾತೇ ಇಲ್ಲವಂತೆ.

ಆಗಸ್ಟ್ 13, ಬುಧವಾರ

ಅತ್ತೆ ಫೋನ್ ಎತ್ತುವುದಿಲ್ಲ.

ಮಧು, ನಾನು ನೋಡ್ಕೋತೀನಿ ಬಿಡು ಎನ್ನುತ್ತಾನೆ. ಏನು ನೋಡಿಕೊಳ್ಳುತ್ತಾನೆ? ಇವತ್ತಿನ ಖರ್ಚು ಕೇಳಿದೆ. ಟೀ ಇಪ್ಪತ್ತು, ಬಸ್ಸು ಐವತ್ತು, ಬೇರೇನೂ ಇಲ್ಲ ಮೇಡಂ ಎಂದ. ಮೇಡಂ ಎಂದದ್ದು ತಮಾಷೆಗಿರಬೇಕು. ಮೆಸೇಜುಗಳನ್ನು ನೋಡಿದೆ, ಸರಿಯಿತ್ತು. ರೈಲು ಹೋಗುವಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

ಆಗಸ್ಟ್ 16, ಶನಿವಾರ

ರಜೆ ಹಾಕಿ ಅತ್ತೆಯ ಮನೆಗೆ ಹೋದೆ. ಬಟ್ಟೆ ಒಗೆಯುತ್ತಿದ್ದರು, ತಿರುಗಿ ನೋಡಲಿಲ್ಲ. ಪಕ್ಕದಲ್ಲಿ ಕೂತು ಜಾಲಿಸಿ ಹಿಂಡಿದೆ. ಎಲ್ಲ ಒಣಗಲು ಹಾಕಿದಮೇಲೆ ಹೇಳಿದೆ, ನೀವು ಅಂದ ಹಾಗೇ ಮಾಡೋಣ ಅತ್ತೆ, ಬರಿಗೈಲಿ ಹೋಗೋಣ, ಈಗಲೇ, ನಾನೂ ಬರುತ್ತೇನೆ. ಹಾಳೆ ತರುವುದಿಲ್ಲ.

ಅತ್ತೆ ಕೈ ಒರೆಸಿಕೊಂಡು ಒಳಗೆ ಹೋದರು. ಬರುವಾಗ ಬೇರೆ ಸೀರೆ ಉಟ್ಟಿದ್ದರು.

ಆಂಜನಮ್ಮ ಅಂಗಳದಲ್ಲಿದ್ದರು. ಅತ್ತೆ ಹೋಗಿ ಅವರ ಕೈ ಹಿಡಿದರು. "ಆಂಜನಿ" ಎಂದಷ್ಟೇ ಹೇಳಿದರು. ಆಂಜನಮ್ಮ ಕೈ ಬಿಡಿಸಿಕೊಂಡು, "ಇಪ್ಪತ್ತು ಕೆಜಿ ಈರುಳ್ಳಿ ಬಿದ್ದಿದೆ, ಈಗ ಬರ್ತಾಳೆ ನೋಡು ಮಹಾರಾಣಿ" ಎಂದು ಈಳಿಗೆ ಮಣೆ ತಳ್ಳಿದರು.

ಸಂಜೆಯವರೆಗೆ ಇಬ್ಬರೂ ಹೆಚ್ಚಿದೆವು. ಹಿಂದೆ ಹಳ್ಳಿಗಳಲ್ಲಿ ದುಡ್ಡಿಲ್ಲದವರು ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗಿ ಹೋಗಿ ತೀರಿಸುತ್ತಿದ್ದರಂತೆ, ಅದನ್ನೂ ಮುಯ್ಯಿ ಎಂದೇ ಕರೆಯುತ್ತಿದ್ದರಂತೆ. ಅತ್ತೆ ಹೇಳಿದರು. ಆರು ದಿನದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು.

ಹೊರಡುವಾಗ ಆಂಜನಮ್ಮ ನನ್ನನ್ನು ನಿಲ್ಲಿಸಿದರು. "ನಾಳೆ ಮುಯ್ಯಿ ಬರೆಯೋಕೆ ನೀನೇ ಕೂತ್ಕೊ. ನಿಂಗೆ ಲೆಕ್ಕ ಚೆನ್ನಾಗ್ ಬರುತ್ತಲ್ಲ." ಚುಚ್ಚಿದರೋ ಕ್ಷಮಿಸಿದರೋ ತಿಳಿಯಲಿಲ್ಲ.

ಆಗಸ್ಟ್ 17, ಭಾನುವಾರ

ಧಾರೆ ಮುಗಿದ ಕೂಡಲೇ ಛತ್ರದ ಬಾಗಿಲ ಪಕ್ಕ ಮೇಜು ಹಾಕಿ ನನ್ನನ್ನು ಕೂರಿಸಿದರು. ಹೊಸ ಪುಸ್ತಕ. ಜನ ಸಾಲಾಗಿ ಬಂದು ಹೆಸರು ಹೇಳುವುದು, ದುಡ್ಡು ಇಡುವುದು, ನಾನು ಗಟ್ಟಿಯಾಗಿ ಓದಿ ಬರೆಯುವುದು. ಜಗಲಿಯ ಮೇಲೆ ನಕ್ಕಿದ್ದ ಹೆಂಗಸರೂ ಬಂದರು. ಬರೆಯುವುದು ನಿಧಾನವೆಂದು ಒಬ್ಬಳು ರೇಗಿಸಿದಳು, ಅಷ್ಟೇ.

ನಡುವೆ ಅತ್ತೆ ಬಂದರು. ಎಲ್ಲರಂತೆ ಸಾಲಿನಲ್ಲಿ ನಿಂತು, ಎಲ್ಲರಂತೆ ಹೆಸರು ಹೇಳಿದರು. ಐನೂರರ ಒಂದು ನೋಟು, ಮೇಲೊಂದು ರೂಪಾಯಿ ನಾಣ್ಯ. "ಐನೂರ ಒಂದು" ಎಂದರು. ಸ್ವರ ತಗ್ಗಿಸಲಿಲ್ಲ. ನಾನೂ ತಗ್ಗಿಸಲಿಲ್ಲ. ಹಿಂದಿನವರು ಕತ್ತು ಚಾಚಿ ನೋಡಿದರು. ಆಂಜನಮ್ಮ ಎಲ್ಲಿದ್ದರೋ, ಬಂದು ಅತ್ತೆಯ ಮಡಿಲಿಗೆ ತೆಂಗಿನಕಾಯಿ, ರವಿಕೆ ಬಟ್ಟೆ ಹಾಕಿ, "ಮೊದಲ ಪಂಕ್ತಿಗೇ ಕೂತ್ಕೋಬೇಕು ನೀನು, ಆಮೇಲೆ ಬೀಗರ ಹತ್ರ ನನ್ನ ಜೊತೆ ನಿಲ್ಬೇಕು" ಎಂದರು. ಕತ್ತು ಚಾಚಿದವರು ತಮ್ಮ ತಮ್ಮ ಕವರು ನೋಡಿಕೊಂಡರು.

ಅಷ್ಟರಲ್ಲಿ ಮಧು ಬಂದ. ಇಸ್ತ್ರಿ ಅಂಗಿ, ಮುಖದಲ್ಲಿ ನಗು. ಸಾಲಿನಲ್ಲಿ ನಿಲ್ಲದೆ ನೇರ ಮೇಜಿಗೆ ಬಂದು ಕವರು ಇಟ್ಟ. ಬಿಚ್ಚಿದೆ. ಹತ್ತು ಹೊಸ ನೋಟು, ಒಂದು ನಾಣ್ಯ. ಐದು ಸಾವಿರದ ಒಂದು. ನಮ್ಮ ಅಕೌಂಟಿನಲ್ಲಿ ಎಷ್ಟಿದೆಯೆಂದು ನನಗೆ ಗೊತ್ತು, ಅವನಿಗೂ ಗೊತ್ತು.

ಅತ್ತೆಯ ಮುಖ ಅರಳುತ್ತಾ ಹೋಗಿ, ಅರ್ಧಕ್ಕೆ ನಿಂತಿತು.

ಬರೆದುಬಿಟ್ಟರೆ ಎಲ್ಲ ಚೆನ್ನಾಗಿರುತ್ತಿತ್ತು. ಇಡೀ ಛತ್ರಕ್ಕೆ ಕೇಳುವಂತೆ ಓದಬಹುದಿತ್ತು. ಪೆನ್ನು ಕಾಗದದ ಮೇಲೇ ಇತ್ತು.

"ಈ ಮನೆದು ಬರೆದಾಯ್ತು" ಎಂದೆ. "ಒಂದು ಮನೆಗೆ ಒಂದೇ ಸಾಲು." ಕವರನ್ನು ಅವನ ಕಡೆ ತಳ್ಳಿದೆ.

"ರಮ್ಯಾ, ಪ್ಲೀಸ್."

"ಹಿಂದೆ ಜನ ನಿಂತವ್ರೆ ಕಣೋ" ಎಂದರು ಅತ್ತೆ. ಕವರನ್ನು ತಾವೇ ಎತ್ತಿ ಅವನ ಜೇಬಿಗೆ ತುರುಕಿ, ಮೊಣಕೈ ಹಿಡಿದು ಊಟದ ಕಡೆ ಕರೆದುಕೊಂಡು ಹೋದರು, ಚಿಕ್ಕ ಹುಡುಗನನ್ನು ಕರೆದೊಯ್ಯುವಂತೆ. ನಾನು ಮುಂದಿನ ಹೆಸರು ಕೇಳಿದೆ. ಆ ಪುಟದ ಅಕ್ಷರಗಳೆಲ್ಲ ಸೊಟ್ಟಗಿವೆ.

ವಾಪಸು ಬರುವಾಗ ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಒಂದೇ ಸೀಟಿನಲ್ಲಿ ಅವನೂ ನಾನೂ. ಅವನು ಕಿಟಕಿಯಾಚೆ ನೋಡುತ್ತಿದ್ದ. ಕೇಳಬೇಕಾದ ಪ್ರಶ್ನೆಗಳು ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು, ಯಾರಿಂದ, ಎಷ್ಟು, ಯಾವತ್ತಿಗೆ. ಸುಸ್ತಾಗಿತ್ತು. ಕಣ್ಣು ಮುಚ್ಚಿಕೊಂಡೆ.

"ಏಳು ಸಾವಿರ ತಗೊಂಡೆ" ಎಂದ ಅವನು. "ಇನ್ನೊಂದು ಆ್ಯಪಲ್ಲಿ. ಕೈಗೆ ಬಂದಿದ್ದು ಐದೂವರೆ. ಬರೋ ಭಾನುವಾರಕ್ಕೆ ಕಟ್ಬೇಕು. ಐನೂರು ಅಮ್ಮಂಗೆ ಬೆಳಿಗ್ಗೆ ಕೊಟ್ಟೆ, ಅವ್ರು ಹಾಕಿದ್ದು ಅದೇ. ಇಷ್ಟೇ. ಬೇರೆ ಇಲ್ಲ."

ನಾನಿನ್ನೂ ಏನನ್ನೂ ಕೇಳಿರಲಿಲ್ಲ.